ಮಾವನವರ ಗೇಟು, ಕೂಫಾದ ಸರದಾರ

ನಮ್ಮ ಮಾವನವರನ್ನು ಸ್ವರ್ಗಕ್ಕೆ ಸೇರಿಸುವ ಕೆಲಸ ಮೊನ್ನೆ ನನ್ನ ತಲೆಗೆ ಬಿತ್ತು.

ಅವರು ತೀರಿಕೊಂಡು ವರ್ಷವಾಯಿತು. ತಿಥಿಗೆ ಬಂದವರಿಗೆ ಹಂಚಲು ಅವರ ಬಗ್ಗೆ ಒಂದು ಪುಟ ಬೇಕಿತ್ತು. "ಹೇಗಿದ್ರೂ ಪೇಪರ್‌ಗೆ ಬರೀತೀಯಲ್ಲ, ಬರೆದುಕೊಡು. ಒಳ್ಳೇದು ಮಾತ್ರ," ಎಂದರು ನನ್ನ ಗಂಡ.

ಒಳ್ಳೆಯದಕ್ಕೇನೂ ಬರವಿರಲಿಲ್ಲ. ಸಹಕಾರನಗರದ ನಮ್ಮ ಬೀದಿಯ ಪಾರ್ಕನ್ನು ನುಂಗಲು ಬಂದ ಜೆಸಿಬಿ ಎದುರು ಕುರ್ಚಿ ಹಾಕಿಕೊಂಡು ಕೂತವರು ಅವರು. (ಪಂಚೆ, ಬನಿಯನ್ನು, ಕೈಯಲ್ಲಿ ಕಾಫಿ ಲೋಟ.) ಇಷ್ಟಪಟ್ಟವನನ್ನು ಮದುವೆಯಾದಳೆಂದು ಮಗಳಿಗೆ ಹನ್ನೊಂದು ವರ್ಷ ಗೇಟು ತೆಗೆಯದವರೂ ಅವರೇ. ನಾದಿನಿ ಲತಾ ಅಪ್ಪನ ಮುಖ ಮತ್ತೆ ನೋಡಿದ್ದು ಆಸ್ಪತ್ರೆಯಲ್ಲಿ, ಅದೂ ಅವರಿಗೆ ಪ್ರಜ್ಞೆ ತಪ್ಪಿದ ಮೇಲೆ. ತಿಥಿಗೆ ಅವಳೂ ಬರುವವಳಿದ್ದಳು. ಅವಳ ಕೈಗೆ ಬರೀ ಹೊಗಳಿಕೆ ಕೊಡುವುದು ಹೇಗೆ?

ಬೆಳಗಿನ ವಾಕಿಂಗಿನಲ್ಲಿ ರಜಿಯಾ ಮೇಡಂ ಹತ್ತಿರ ಗೋಳು ತೋಡಿಕೊಂಡೆ. ಷಿಯಾ ಮನೆತನದವರು, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ರಿಟೈರ್ ಆದವರು. ನಕ್ಕುಬಿಟ್ಟರು.

"ಹಳೇ ತಲೆನೋವು ಕಣ್ರೀ ಇದು. ಕರ್ಬಲಾ ಯುದ್ಧದಲ್ಲಿ ನಮ್ಮ ಇಮಾಮರನ್ನ, ಪ್ರವಾದಿಗಳ ಮೊಮ್ಮಗನನ್ನ, ಕೊಂದ್ರಲ್ಲ, ಆಮೇಲೆ ಕೂಫಾ ಊರಲ್ಲಿ ಒಬ್ಬ ಸರದಾರ ಎದ್ದ. ಕೊಂದವರನ್ನ ಹುಡುಕಿ ಹುಡುಕಿ ಸೇಡು ತೀರಿಸ್ಕೊಂಡ."

"ಹೀರೋ ಬಿಡಿ."

"ಹಾಗಂತ ಕೆಲವರು. ಇಮಾಮರ ಮನೆತನದ ಹೆಸರು ಹೇಳ್ಕೊಂಡು ಕುರ್ಚಿ ಹಿಡಿದ ಸುಳ್ಳುಗಾರ ಅಂತ ಇನ್ನು ಕೆಲವರು. ಒಂದು ಹೇಳಿಕೆ ಪ್ರಕಾರ ಅವನು ನರಕಕ್ಕೇ ಹೋಗ್ತಾನೆ, ಇಮಾಮರೇ ಬಂದು ಅಲ್ಲಿಂದ ಎತ್ಕೊಂಡು ಹೋಗ್ತಾರೆ!"

(ಎಂಥ ಸೌಲಭ್ಯ!)

"ಮತ್ತೆ ಅವನ ಬಗ್ಗೆ ಬರೆದ ವಿದ್ವಾಂಸರು ಏನ್ ಮಾಡಿದ್ರು?"

"ಹೊಗಳಿದ್ದು, ಬೈದಿದ್ದು ಎರಡನ್ನೂ ಅಕ್ಕಪಕ್ಕ ಬರೆದಿಟ್ರು. ಹೇಳಿದವರನ್ನ ಎಷ್ಟು ನಂಬಬಹುದು ಅಂತ ತೂಗಿದ್ರು. ಆಮೇಲೆ ಬಂದ ದೊಡ್ಡ ವಿದ್ವಾಂಸರು ಕೆಲವರು ಅವನ ಪರಾನೇ ವಾದಿಸಿದ್ರು. ಆದ್ರೆ ಬೈದಿದ್ದನ್ನ ಹರಿದು ಹಾಕ್ಲಿಲ್ಲ."

ಮನೆಗೆ ಬಂದು ಬರೆದೆ. ಜೆಸಿಬಿಗೊಂದು ಪ್ಯಾರಾ, ಗೇಟಿಗೊಂದು ಪ್ಯಾರಾ.

ಗಂಡ ಓದಿ ಕೆಂಪಾದರು. "ಆ ಗೇಟು ತೆಗಿ ಮೊದ್ಲು!"

"ಇದನ್ನ ನಿಮ್ಮಪ್ಪನಿಗೆ ಹೇಳ್ಬೇಕಿತ್ತು ರೀ ನೀವು."

ಅವರು ಹಾಳೆಯನ್ನು ಅಮ್ಮನ ಕೈಗೆ ಕೊಟ್ಟರು. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಇರ್ಲಿ ಬಿಡೋ," ಎಂದರು ಮಗನಿಗೆ. "ಗೇಟಿನ ಒಳಗೆ ನಾನೂ ನಿಂತಿದ್ದೆ, ಹನ್ನೊಂದು ವರ್ಷ. ಅದನ್ನೂ ಬರೀಬಹುದಿತ್ತು."

ಬರೆದೆ. ಆ ಸಾಲು ಬರೆಯುವಾಗ ಮಾತ್ರ ನನಗೆ ತಮಾಷೆ ಹೊಳೆಯಲಿಲ್ಲ.

ತಿಥಿಯ ದಿನ ಲತಾ ಬಾಗಿಲಲ್ಲೇ ನಿಂತು ಓದಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕಳು. "ಜೆಸಿಬಿ ಕಥೆ ನಂಗೆ ಗೊತ್ತೇ ಇರ್ಲಿಲ್ಲ ಅತ್ತಿಗೆ. ಅಪ್ಪ ಜೋರಿದ್ರು, ಅಲ್ವಾ?" ಎಂದವಳು ಒಳಗೆ ಹೋಗಿ ಅಮ್ಮನ ಪಕ್ಕ ಕೂತಳು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಯಿತು. ಅವರ ಜೊತೆ ಬಾಳಿದವರ ಬಗ್ಗೆ ಆಡುವವರು ಯಾರು?