ನಾಲ್ಕನೇ ಮಗ್ಗದ ಜಾಗ

ನಮ್ಮ ಹಳೆಯ ಫ್ರಿಜ್ಜಿಗೆ ಒಂದು ದನಿ ಇದೆ ಎಂಬುದೇ ನಮಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಅಡುಗೆಮನೆಗೆ ಅಂಟಿಕೊಂಡೇ ಮಗ್ಗದ ಹಾಲ್. ಅಲ್ಲಿ ನಾಲ್ಕು ಕರೆಂಟ್ ಮಗ್ಗಗಳು ಬೆಳಗಾದರೆ ಲಟಪಟ ಲಟಪಟ ಎಂದು ಬಡಿದುಕೊಳ್ಳಲು ಶುರುಮಾಡಿದರೆ ರಾತ್ರಿ ಮಲಗುವವರೆಗೂ ಅದೇ, ಮಲಗಿದ ಮೇಲೂ ಕಿವಿಯಲ್ಲಿ ಅದರದೇ ಗುಂಯ್. ಪಕ್ಕದಲ್ಲಿ ಊಟಕ್ಕೆ ಕೂತವರ ಹತ್ತಿರ ಉಪ್ಪು ಕೇಳಬೇಕಾದರೂ ಕೂಗಬೇಕು. ತ್ಯಾಮಗೊಂಡ್ಲು ಕಡೆಯ ತೋಟದ ಮನೆಯಿಂದ ಮದುವೆಯಾಗಿ ಬಂದವಳು ನಾನು. ಮೊದಮೊದಲು ತಲೆ ಸಿಡಿದುಹೋಗಿ, ಇದೇನು ಮನೆಯೋ ಮಿಲ್ಲೋ ಎಂದು ಗೊಳೋ ಅಂತ ಅತ್ತಿದ್ದೆ. ಆ ಸದ್ದಿನಲ್ಲಿ ನನ್ನ ಅಳುವೂ ಯಾರಿಗೂ ಕೇಳಿಸಲಿಲ್ಲ ಬಿಡಿ.

ಫ್ರಿಜ್ಜು ಬೇಕೆಂದು ಹಟ ಹಿಡಿದವರು ನಮ್ಮತ್ತೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆಲ್ಲ ಮಜ್ಜಿಗೆ ಬಾಯಿಗಿಡಲಾಗದಷ್ಟು ಹುಳಿಯಾಗುತ್ತಿತ್ತು. ಅಂಗಡಿಯವನು ಒಂದೊಂದನ್ನೇ ತೋರಿಸುತ್ತಾ, "ಇದು ತಗೊಳ್ಳಿ ಅಮ್ಮಾ, ಸೌಂಡೇ ಬರಲ್ಲ, ಓಡ್ತಿದ್ಯೋ ಇಲ್ವೋ ಗೊತ್ತೇ ಆಗಲ್ಲ" ಎಂದ.

ನಮ್ಮತ್ತೆ ಬಿದ್ದು ಬಿದ್ದು ನಕ್ಕರು. "ನಮ್ಮನೇಲಿ ಆನೆ ಘೀಳಿಟ್ರೂ ಗೊತ್ತಾಗಲ್ಲ ಕಣಪ್ಪಾ. ಸೌಂಡ್ ಕಥೆ ಬಿಡು, ಬಾಗ್ಲು ಗಟ್ಟಿಯಾಗಿ ಮುಚ್ಕೊಳ್ತದಾ ಅದನ್ ತೋರ್ಸು."

ಆಮೇಲೆ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಅಂಚಿನ ರಬ್ಬರನ್ನು ಸೀರೆಯ ಸೆರಗು ನೋಡುವಂತೆ ಬೆರಳಲ್ಲಿ ತೀಡಿ, ಕೊನೆಗೆ ನೀಲಿ ಬಣ್ಣದ ಒಂದು ಬಾಗಿಲಿನದನ್ನು ಆರಿಸಿದರು. ಅಂಗಡಿಯವನಿಗೆ ಸಾಕುಸಾಕಾಗಿತ್ತು.

ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ಹಾಲ್‌ನಲ್ಲೇ, ಅಡುಗೆಮನೆಯ ಬಾಗಿಲಿಗೂ ಕಿಟಕಿಗೂ ನಡುವಿನ ಸಂದಿಯಲ್ಲಿ ಇಟ್ಟೆವು. ಎರಡು ದಿನಕ್ಕೇ ಅದು ನಡೆಯತೊಡಗಿತು! ಮಗ್ಗಗಳ ಅದುರಾಟಕ್ಕೆ ಇಷ್ಟಿಷ್ಟೇ ಜರುಗಿ ಕಿಟಕಿಗೆ ಹೋಗಿ ಒರಗುತ್ತಿತ್ತು. ನನ್ನ ಯಜಮಾನರು ಸವೆದುಹೋದ ಲಾಳಿಯೊಂದರ ಮರ ಸೀಳಿ ನಾಲ್ಕೂ ಕಾಲಿಗೆ ಬೆಣೆ ಹೊಡೆದರು. ಸೀರೆ ನೇಯುವ ಲಾಳಿ ಹೀಗೆ ಫ್ರಿಜ್ಜಿನ ಕಾಲಡಿ ಸೇರಿತು. ಆಮೇಲೆ ಅದು ಅಲ್ಲಾಡಲಿಲ್ಲ.

ಒಂದು ಸಲ ಸ್ಟೆಬಿಲೈಸರ್ ಸುಟ್ಟು ಫ್ರಿಜ್ಜು ಇಡೀ ದಿನ ನಿಂತೇ ಹೋಗಿದೆ, ನಮಗೆ ಯಾರಿಗೂ ಗೊತ್ತೇ ಇಲ್ಲ. ಹಾಲೆಲ್ಲ ಒಡೆದುಹೋಯಿತು. ಅಂದಿನಿಂದ ಇವರಿಗೊಂದು ಅಭ್ಯಾಸವಾಯಿತು. ಫ್ರಿಜ್ಜಿನ ಮುಂದೆ ಹಾದುಹೋಗುವಾಗಲೆಲ್ಲ ಅದರ ಪಕ್ಕೆಗೆ ಅಂಗೈ ಇಟ್ಟು ನೋಡುವುದು. "ಮಗ್ಗದ ನಡುಕ ಬೇರೆ, ಇದರ ನಡುಕ ಬೇರೆ ಕಣೇ" ಎನ್ನುತ್ತಿದ್ದರು. ನನಗಂತೂ ಎರಡೂ ಒಂದೇ. ಮಗ್ಗವನ್ನೂ ಅವರು ಹಾಗೇ ಮುಟ್ಟಿ ನೋಡುತ್ತಿದ್ದರು, ಮಕ್ಕಳಿಗೆ ಜ್ವರ ಬಂದಿದೆಯಾ ಎಂದು ನೋಡುವ ಹಾಗೆ.

ಅತ್ತೆ ತೀರಿಕೊಂಡರು. ಸೀರೆ ಕೇಳುವವರು ಕಡಿಮೆಯಾದರು, ಕೆಲಸಕ್ಕೆ ಜನ ಸಿಗದಾದರು, ಇವರ ಮೊಣಕಾಲೂ ಕೈಕೊಟ್ಟಿತು. ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತ ಹಾಗೆ ನಮ್ಮವೂ ನಿಂತವು. ಮೂರನ್ನು ಮಾರಿದೆವು. ಆ ಜಾಗಕ್ಕೆ ಗೋಡೆ ಎಬ್ಬಿಸಿ, ಸಾಮಾನು ತುಂಬಿಡುವವರೊಬ್ಬರಿಗೆ ಬಾಡಿಗೆಗೆ ಕೊಟ್ಟೆವು. ನಾಲ್ಕನೆಯದೊಂದು ಉಳಿಯಿತು. ಅದರ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿ, ದಿನಾ ಬೆಳಿಗ್ಗೆ ಎಣ್ಣೆ ಬಟ್ಟೆಯಿಂದ ಒರೆಸಿ, ಒಂದು ಗಳಿಗೆ ಅದರ ಮುಂದೆ ಕೂತೇ ಇವರು ಕಾಫಿ ಕುಡಿಯುತ್ತಿದ್ದರು. ಆ ಒಂದು ಮಗ್ಗ ಕಣ್ಣೆದುರು ಇರುವವರೆಗೆ ಈ ಮನುಷ್ಯ ಗಟ್ಟಿಯಾಗಿರುತ್ತಾರೆ, ಅದೂ ಹೋದರೆ ಕುಸಿದುಹೋಗುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಕಿವಿಯಲ್ಲಿ ಉಳಿದಿದ್ದ ಮಗ್ಗದ ಗುಂಯ್ ಅಡಗಿದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಗುರ್ರ್ ಎಂದು ಶುರುವಾಗಿ, ಸ್ವಲ್ಪ ಹೊತ್ತು ಗೊಣಗಿ, ಕಟಕ್ ಎಂದು ನಿಂತಿತು.

"ಏನೇ ಅದು?"

"ಫ್ರಿಜ್ಜು ಕಣ್ರೀ."

"ಕೆಟ್ಟೋಯ್ತಾ?"

ರಿಪೇರಿಯವನು ಬಂದು ಫ್ರಿಜ್ಜನ್ನು ಈಚೆಗೆ ಎಳೆದ. ಹಿಂದಿನ ಕಂಬಿಗಳ ತುಂಬ ದಪ್ಪಗೆ ನೂಲಿನ ಧೂಳು ಕೂತಿತ್ತು. ಅವನು ಬ್ರಷ್ಷಿನಿಂದ ಎಬ್ಬಿಸಿದಂತೆ ಪದರ ಪದರವಾಗಿ ಬಂತು. ಮೇಲೆ ಗುಲಾಬಿ, ಅದರ ಕೆಳಗೆ ಗಿಳಿಹಸಿರು, ಇನ್ನೂ ಕೆಳಗೆ ಅರಿಸಿನ. ನೇಯ್ದ ಸೀರೆಗಳ ಬಣ್ಣವೆಲ್ಲ ಅಲ್ಲಿತ್ತು. ಇವರು ಅದನ್ನು ಕಸಕ್ಕೆ ಹಾಕಲು ಬಿಡದೆ ಅಂಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

ಧೂಳು ತೆಗೆದರೂ ಸದ್ದು ಹೋಗಲಿಲ್ಲ. ಬೆಣೆ ಬಿಗಿ ಮಾಡಿದ್ದಾಯಿತು, ಗೋಡೆಯಿಂದ ಈಚೆಗೆ ಇಟ್ಟಿದ್ದಾಯಿತು. ರಿಪೇರಿಯವನು ಕೈ ಒರೆಸಿಕೊಂಡು, "ಯಜಮಾನ್ರೇ, ಇದು ಫ್ರಿಜ್ಜು ಮಾಡೋ ಸದ್ದೇ. ಏನೂ ಆಗಿಲ್ಲ" ಎಂದ.

"ಮೊದ್ಲು ಇರ್ಲಿಲ್ಲ ಕಣಪ್ಪಾ!" ಎಂದು ಇವರು ರೇಗಿದರು.

ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ! "ಮೊದ್ಲು ಮಗ್ಗ ಓಡ್ತಿತ್ತಲ್ರೀ" ಅಂದುಬಿಟ್ಟೆ.

ಅವರ ಮುಖ ಸಪ್ಪಗಾಯಿತು. ಆಮೇಲೆ ಆ ಫ್ರಿಜ್ಜು ಗುರ್ರ್ ಎಂದಾಗಲೆಲ್ಲ ತುತ್ತು ಬಿಟ್ಟು ಎದ್ದುಹೋಗುವರು. ನಾಲ್ಕು ದಿನ ಹೀಗೇ ನಡೆದ ಮೇಲೆ, "ನಡಿ, ಬೇರೆ ತರೋಣ" ಎಂದರು.

ಅಂಗಡಿಯಲ್ಲಿ ಇವರು ಒಂದೊಂದು ಫ್ರಿಜ್ಜಿಗೂ ಕಿವಿಯಿಟ್ಟು ನೋಡಿದ್ದೇ ನೋಡಿದ್ದು. ಅಲ್ಲಿದ್ದ ಹುಡುಗಿಯರು ಕಿಸಿಕಿಸಿ ನಕ್ಕರು. ಎರಡು ಬಾಗಿಲಿನ, ಎತ್ತರದ ಒಂದನ್ನು ನಾನು ಸುಮ್ಮನೆ ಮುಟ್ಟಿ ನೋಡಿದ್ದೆ. ಅದನ್ನು ಇವರು ಗಮನಿಸಿಬಿಟ್ಟಿದ್ದರು. "ಇದೇ ಇರ್ಲಿ. ಉಸಿರೂ ಬಿಡ್ತಿಲ್ಲ ನೋಡು" ಎಂದರು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವುದೆಂದೂ ಆಯಿತು.

ಮನೆಗೆ ಬಂದು ಟೇಪು ಹಿಡಿದು ಅಳೆದರೆ ಅದು ಹಳೆಯ ಸಂದಿಯಲ್ಲಿ ಹಿಡಿಸುವುದಿಲ್ಲ. ಸುತ್ತ ಗಾಳಿಯಾಡಲು ಜಾಗ ಬಿಡಬೇಕು, ಬಾಗಿಲು ಪೂರ್ತಿ ತೆರೆಯಬೇಕು. ಅಡುಗೆಮನೆಯಲ್ಲಿ ಮೊದಲೇ ಜಾಗವಿಲ್ಲ. ಉಳಿದದ್ದು ಮಗ್ಗದ ಜಾಗ ಒಂದೇ. ಇವರು ಮಗ್ಗದ ಮೇಲಿನ ಸೀರೆ ಸರಿಸಿ, ಉದ್ದಗಲ ಅಳೆದು, "ಇಲ್ಲಿ ಚೆನ್ನಾಗಿ ಕೂರ್ತದೆ. ಇಷ್ಟು ವರ್ಷ ಸದ್ದು ಸದ್ದು ಅಂತ ಒದ್ದಾಡ್ದೆ, ಇನ್ನಾದ್ರೂ ಆರಾಮಾಗಿರು" ಎಂದರು. ನನಗಾಗಿ! ಅಯ್ಯೋ, ಬಂದ ಹೊಸದರಲ್ಲಿ ಗೊಣಗಿದ್ದನ್ನು ಈ ಮನುಷ್ಯ ಇನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದಾರಲ್ಲ!

"ಇರ್ಲಿ ಬಿಡ್ರೀ ಅದೊಂದು" ಎಂದೆ. ದನಿ ಮೆಲ್ಲಗೆ ಬಂತು. ಮಗ್ಗ ನಿಂತ ಮೇಲೆ ನಾವಿಬ್ಬರೂ ಮೆಲ್ಲಗೆ ಮಾತಾಡುವುದನ್ನು ಕಲಿತಿದ್ದೆವು. ಕೂಗಿದರೆ ಜಗಳವೇನೋ ಎಂದು ಪಕ್ಕದ ಮನೆಯವರು ಇಣುಕುತ್ತಿದ್ದರು.

ಟೇಪು ಸುತ್ತುತ್ತಿದ್ದ ಇವರು, "ಏನಂದೆ?" ಎಂದರು.

"ಏನಿಲ್ಲ" ಎಂದೆ.

ಯಾಕೆ ಹಾಗೆಂದೆನೋ, ಈಗಲೂ ತಿಳಿಯದು. ಹೊಸ ಫ್ರಿಜ್ಜಿನ ಮೇಲೆ ನನಗೂ ಒಳಗೊಳಗೇ ಆಸೆಯಿತ್ತೇ? ಇರಬಹುದು. ಅವರು ಖುಷಿಯಿಂದ ಕೊಡುತ್ತಿರುವುದನ್ನು ಬೇಡ ಎನ್ನುವುದು ಹೇಗೆ ಎಂದೂ ಅನ್ನಿಸಿತ್ತು.

ಕೊಂಡವರು ಬಂದು ಮಗ್ಗವನ್ನು ಬಿಚ್ಚಿ ಟೆಂಪೋಗೆ ಹಾಕಿದರು. ಆಮೇಲೆ ಹೊಸದು ಬಂತು, ಹಳೆಯದು ಹೋಯಿತು. ಹಾಲ್ ನೆಲದಲ್ಲಿ ಲಾಳಿಯ ಮರದ ನಾಲ್ಕು ಬೆಣೆ ಬಿದ್ದಿದ್ದವು. ಹೊಸ ಫ್ರಿಜ್ಜಿಗೆ ತಿರುಗಿಸುವ ಕಾಲುಗಳಿದ್ದವು, ಬೆಣೆ ಬೇಕಾಗಲಿಲ್ಲ. ಬಂದ ಹುಡುಗರು ನೆಟ್ಟಗೆ ನಿಲ್ಲಿಸಿ, ತಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು, ಆಮೇಲೆ ಸ್ವಿಚ್ ಹಾಕಿ ಎಂದು ಹೇಳಿ ಹೋದರು. ನಾವಿಬ್ಬರೂ ಅದರ ಎದುರು ನೆಂಟರ ಮುಂದೆ ಕೂತ ಹಾಗೆ ಕೂತಿದ್ದೆವು.

ಸಾಯಂಕಾಲ ಇವರೇ ಸ್ವಿಚ್ ಹಾಕಿದರು. ಏನೂ ಕೇಳಿಸಲಿಲ್ಲ.

"ಓಡ್ತಾ ಇದ್ಯೇನೇ?"

ನಾನು ಬಾಗಿಲು ತೆರೆದೆ. ಒಳಗೆ ದೀಪ ಹತ್ತಿತು. ಇವರು ಪಕ್ಕೆಗೆ ಅಂಗೈ ಇಟ್ಟರು. ಕೈ ಸರಿಸಿ ಇನ್ನೊಂದು ಕಡೆ ಇಟ್ಟರು. ಹಿಂದೆ ಹೋಗಿ ಅಲ್ಲಿಯೂ ಇಟ್ಟು ನೋಡಿದರು. ಬಂದು ನನ್ನ ಪಕ್ಕ ಕೂತರು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅವರ ಮೊಣಕಾಲು ಕಟಕ್ ಎಂದದ್ದೂ ಕೇಳಿಸಿತು. ಈ ಮನೆಗೆ ಬಂದಾಗಿನಿಂದ ನಾನು ಬೇಡಿಕೊಂಡಿದ್ದು ಇದನ್ನೇ ಅಲ್ಲವೇ! ಈಗ ಅದನ್ನು ಏನು ಮಾಡುವುದೆಂದು ತಿಳಿಯದೆ ಕೂತಿದ್ದೆ.

ಕೊನೆಗೆ ಅವರೇ ಎಂದರು, "ಆ ಮಗ್ಗ ಒಂದನ್ನ ಇಟ್ಕೋಬೇಕಾಗಿತ್ತು ಕಣೇ."

"ಅವತ್ತು ನಾನೂ ಅದ್ನೇ ಹೇಳಿದ್ದು ರೀ. ಇರ್ಲಿ ಬಿಡಿ ಅಂದೆ. ನಿಮ್ಗೆ ಕೇಳಿಸ್ಲಿಲ್ಲ."

ಅವರು ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ. ಕಣ್ಣು ತುಂಬಿತ್ತು.

"ಇಷ್ಟು ವರ್ಷ ಉಪ್ಪು ಬೇಕಂದ್ರೂ ಕೂಗ್ತಿದ್ದೋಳು ನೀನು, ಅವತ್ತೊಂದಿನ ಕೂಗೋಕಾಗ್ಲಿಲ್ವೇನೇ?"