ದಾರವಿಲ್ಲದ ಹೊಲಿಗೆ

ಈ ಪೇಪರ್ ಹಾಳೆಯನ್ನು ಬೆಳಕಿಗೆ ಹಿಡಿದರೆ ಸೂಜಿಯ ತೂತುಗಳು ಕಾಣುತ್ತವೆ. ಅವು ನನ್ನವು. ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಆಗ ನಾನು ಹೆಲ್ಪರ್, ಹೊಲಿದ ಅಂಗಿಗಳಲ್ಲಿ ಉಳಿದ ದಾರ ಕತ್ತರಿಸುವವಳು. ಹತ್ತಿರದಲ್ಲೇ ಏರ್‌ಪೋರ್ಟ್ ಶುರುವಾದ ಮೇಲೆ ನಮ್ಮ ಲೈನಿನವರು ಒಬ್ಬೊಬ್ಬರೇ ಅಲ್ಲಿನ ಕೆಲಸಕ್ಕೆ ಹೋದರು. ಕಾಲರ್ ಹೊಲಿಯುವವಳೂ ಹೋದಳು. ಆ ಮಿಷಿನ್ ನನಗೆ ಬೇಕಿತ್ತು. ಲೈನಿನಲ್ಲಿ ಅದಕ್ಕಿಂತ ಕಷ್ಟದ ಕೆಲಸವಿಲ್ಲ. ನನಗೆ ನೇರ ಹೊಲಿಗೆಯೂ ಬರುತ್ತಿರಲಿಲ್ಲ.

"ತಿಂಗಳ ಕೊನೇಲಿ ಟೆಸ್ಟ್ ಕೊಡಮ್ಮ. ಆಗ್ಲಿಲ್ಲ ಅಂದ್ರೆ ಹೊರಗಿಂದ ಯಾರನ್ನಾದ್ರೂ ಕರ್ಕೊಂಡ್ಬರ್ತೀನಿ," ಎಂದರು ಸೂಪರ್‌ವೈಸರ್.

ತ್ಯಾಮಗೊಂಡ್ಲು ಕಡೆಯ ಅಕ್ಕನೊಬ್ಬಳು ಊಟದ ಬಿಡುವಿನಲ್ಲಿ ತನ್ನ ಮಿಷಿನ್ ಬಿಟ್ಟುಕೊಟ್ಟಳು. ದಾರ ಬಿಚ್ಚಿ, ಹಳೇ ಸೂಜಿ ಹಾಕಿ, ಬಟ್ಟೆಯ ಬದಲು ನ್ಯೂಸ್‌ಪೇಪರ್ ಇಟ್ಟಳು.

"ಇವತ್ತು ಈ ಎರಡು ಕಾಲಂ ಮಧ್ಯದ ಗೆರೆ ಮೇಲೆ ಹೋಗು, ಸಾಕು. ನಾಳೆದು ನಾಳೆ ನೋಡ್ಕೊಳ್ಳಾಣ ಕಣೇ."

ಗೆರೆಯಾದ ಮೇಲೆ ಮೂಲೆ. ಮೂಲೆಯಾದ ಮೇಲೆ ನನ್ನ ಬಳೆಯನ್ನೇ ಇಟ್ಟು ಬರೆದ ಬಾಗು.

ದಿನದಿನಕ್ಕೂ ಕೈ ಪಳಗಿತು ಎಂದು ಎಲ್ಲರಿಗೂ ಹೇಳುತ್ತೇನೆ. ಸುಳ್ಳು. ಹಾಳೆಯ ಅಂಚಿನಲ್ಲಿ ಅಕ್ಕ ತಾರೀಖು ಬರೆಸುತ್ತಿದ್ದಳು. ಒಂದು ದಿನ ತೂತುಗಳು ಗೆರೆ ಬಿಟ್ಟಿಲ್ಲ. ಮರುದಿನದ ಹಾಳೆಯಲ್ಲಿ ಕುಡಿದವನ ನಡಿಗೆ.

ಟೆಸ್ಟ್ ದಿನ ಕಾಲರ್ ಬಳೆಯಷ್ಟೇ ಸಲೀಸಾಗಿ ತಿರುಗಿತು. ಎತ್ತಿ ತೋರಿಸಿದೆ. ಎರಡು ಪದರಗಳೂ ಬಾಯಿ ಬಿಟ್ಟವು. ಮೇಲಿನ ದಾರ ಪೋಣಿಸಿದ್ದೆ, ಕೆಳಗಿನ ದಾರದ ಪುಟ್ಟ ಉರುಳೆ, ಬಾಬಿನ್, ಹಾಕಿರಲಿಲ್ಲ. ಪೇಪರಿಗೆ ಅದು ಬೇಕೇ ಇರಲಿಲ್ಲವಲ್ಲ.

"ಏನೇ ಪೇಪರ್ ಟೈಲರ್, ಅಂಗಿ ಹೊಲಿತೀಯೋ, ಪೊಟ್ಟಣ ಕಟ್ತೀಯೋ?" ಎಂದು ಹಿಂದಿನಿಂದ ಯಾರೋ ಕೂಗಿದರು. ಲೈನಿಗೆ ಲೈನೇ ನಕ್ಕಿತು. ಸೂಪರ್‌ವೈಸರ್ ನಕ್ಕರೇ? ಕೆಲವು ಸಲ ಈ ಕಥೆ ಹೇಳುವಾಗ ಅವರನ್ನೂ ನಗಿಸಿಬಿಡುತ್ತೇನೆ. ಅವರು ಆ ಕಾಲರನ್ನು ಟ್ಯೂಬ್‌ಲೈಟಿಗೆ ಹಿಡಿದು ತೂತುಗಳನ್ನು ನೋಡಿದ್ದು ಮಾತ್ರ ನಿಜ.

"ಕೈ ಸರಿಯಾಗೇ ಐತೆ. ಬಾಬಿನ್ ಹಾಕಮ್ಮ, ಇನ್ನೊಂದ್ಸಲ."

ಎರಡನೆಯದು ಬಾಯಿ ಬಿಡಲಿಲ್ಲ, ಆದರೆ ಕೊಂಚ ಸೊಟ್ಟಗಾಯಿತು. "ಸೋಮವಾರದಿಂದ ಇಲ್ಲೇ ಕೂತ್ಕೊ," ಎಂದರು. ಯಾವ ಕಾಲರ್ ನೋಡಿ ಹಾಗೆಂದರೋ ನಾನು ಕೇಳಲಿಲ್ಲ.

ಸೋಮವಾರ ಆ ಮಿಷಿನ್ ಮುಂದೆ ಕೂತು ಸ್ವಿಚ್ಚಿಗೆ ಕೈ ಹಾಕಿದಾಗ, ಆಚೆ ಲೈನಿನಿಂದ ಅಕ್ಕ ಒಂದು ಬಾಬಿನ್ ಎತ್ತಿ ಹಿಡಿದಳು. ಕೈ ತೆಗೆದು, ಬಗ್ಗಿ, ನನ್ನದನ್ನು ನೋಡಿದೆ. ಇತ್ತು.