ಬಾಟಲಿ ಅಣ್ಣ, ಬಿರಡೆ ತಮ್ಮ

ಆ ಬೀದಿಯಲ್ಲಿ ಒಂದು ಬಾಟಲಿ ಕೊಳ್ಳಬೇಕೆಂದರೆ ಎರಡು ಅಂಗಡಿಯ ಮೆಟ್ಟಿಲು ಹತ್ತಬೇಕು. ಎಡಗಡೆಯ ಅಂಗಡಿಯಲ್ಲಿ ಬಾಟಲಿ ಸಿಗುತ್ತದೆ, ಬಿರಡೆ ಸಿಗುವುದಿಲ್ಲ. ಬಲಗಡೆಯ ಅಂಗಡಿಯಲ್ಲಿ ಬಿರಡೆ, ಬೂಚು, ಮುಚ್ಚಳ, ಅವನ್ನು ಬಾಟಲಿಯ ಕುತ್ತಿಗೆಗೆ ಕಟ್ಟುವ ತಂತಿ, ಸರಪಳಿ ಎಲ್ಲವೂ ಸಿಗುತ್ತವೆ. ಬಾಟಲಿ ಮಾತ್ರ ಕೇಳಬಾರದು. ಎರಡರ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಹೊಸಬರು ಬಂದರೆ ಇದೇನು ತಮಾಷೆ ಎಂದು ಕಣ್ಣುಕಣ್ಣು ಬಿಡುತ್ತಾರೆ. ತಮಾಷೆಯಲ್ಲ, ಇದು ಅಣ್ಣತಮ್ಮಂದಿರ ಪಾಲು.

ಬಲಗಡೆ ಕೂರುವವನು ತಮ್ಮ. ಅವನಿಗೆ ಹೆತ್ತವರು ಇಟ್ಟ ಹೆಸರು ಒಂದಿದೆ, ಆದರೆ ಆ ಹೆಸರಿನಿಂದ ಕರೆದರೆ ಅವನು ತಿರುಗಿ ನೋಡುವುದೇ ಅನುಮಾನ. ಊರಿಗೆಲ್ಲ ಅವನು ಬಿರಡೆ ತಮ್ಮ, ಎಡಗಡೆಯವನು ಬಾಟಲಿ ಅಣ್ಣ. ಅಣ್ಣ ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಆದರೂ ಮಗಳ ಮದುವೆಯ ಮಾತುಕತೆಯ ಹೊತ್ತಿಗೆ ಈ ಹೆಸರಿನ ಬಗ್ಗೆ ಗಂಡಿನ ಕಡೆಯವರಿಗೆ ಸಮಜಾಯಿಷಿ ಹೇಳಿ ಹೇಳಿ ಸುಸ್ತಾಗಿದ್ದ. ಆ ಸುದ್ದಿ ಕೇಳಿ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ, ಇದನ್ನು ಅಣ್ಣನ ಎದುರು ಕೂತು ನಗುವ ಹಾಗಿಲ್ಲವಲ್ಲ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡಿದ್ದ. ಇಬ್ಬರಿಗೂ ಮಾತು ಬಿಟ್ಟುಹೋಗಿ ಆಗಲೇ ವರ್ಷಗಳಾಗಿದ್ದವು.

ಅಂಗಡಿ ಇಟ್ಟವನು ಅಪ್ಪ. ಬಿರಡೆ ಕಳೆದುಕೊಂಡ ಬಾಟಲಿ ಅವನ ಲೆಕ್ಕದಲ್ಲಿ ಬಾಟಲಿಯೇ ಅಲ್ಲ. ಜನ ಬಾಟಲಿಯನ್ನು ಒಡೆದು ಹಾಳು ಮಾಡುವುದಕ್ಕಿಂತ ಬಿರಡೆ ಕಳೆದು ಹಾಳು ಮಾಡುವುದೇ ಹೆಚ್ಚು ಎಂದು ಗಿರಾಕಿಗಳಿಗೆಲ್ಲ ಉಪದೇಶ ಮಾಡುತ್ತಿದ್ದ. ಅವನ ಅಂಗಡಿಯಿಂದ ಹೊರಬೀಳುವ ಪ್ರತಿ ಬಾಟಲಿಯ ಕುತ್ತಿಗೆಗೂ ಹಿತ್ತಾಳೆ ತಂತಿಯ ಒಂದು ಬಳೆ, ಬಳೆಗೆ ಒಂದು ಮೋಟು ಸರಪಳಿ, ಸರಪಳಿಯ ತುದಿಗೆ ಬಿರಡೆ. ಬಿಚ್ಚಿದರೆ ಅದು ಪಕ್ಕದಲ್ಲೇ ತೂಗಾಡುತ್ತಿರಬೇಕು, ಮಂಚದ ಕೆಳಗೆ ಉರುಳಿಹೋಗಬಾರದು. ಮುಚ್ಚಿದ ಮೇಲೆ ಅದೇ ಸರಪಳಿಯನ್ನು ಬಳೆಯ ಕೊಕ್ಕೆಗೆ ಸಿಕ್ಕಿಸಿದರೆ ಬಾಟಲಿ ತಲೆಕೆಳಗಾದರೂ ಬಿರಡೆ ಜಪ್ಪಯ್ಯ ಅನ್ನಬಾರದು.

ಎಲ್ಲ ಇರುವುದು ಆ ಬಳೆಯಲ್ಲಿ. ಬಳೆ ಜಾರಿದರೆ ಸರಪಳಿಯೂ ದಂಡ, ಬಿರಡೆಯೂ ದಂಡ. ಅದನ್ನು ಬಿಗಿಯುವುದು ಅಪ್ಪನ ಪದ್ಧತಿಯಲ್ಲಿ ಇಬ್ಬರ ಕೆಲಸ. ಒಬ್ಬ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಹಿಡಿದು, ತಂತಿಯ ಮೊದಲ ಸುತ್ತನ್ನು ಹೆಬ್ಬೆರಳುಗಳಿಂದ ಒತ್ತಿಕೊಂಡು ಕೂರಬೇಕು. ಇನ್ನೊಬ್ಬ ಇಕ್ಕಳದಿಂದ ತಂತಿಯ ತುದಿಗಳನ್ನು ತಿರುಚುತ್ತ ಬರಬೇಕು. ತಂತಿ ಬಿಗಿಯಾಯಿತೋ ಇಲ್ಲವೋ ಗೊತ್ತಾಗುವುದು ತಿರುಚುವವನಿಗೆ ಮಾತ್ರ. ಅವನು ಶುರುವಿನಲ್ಲಿ 'ಹಿಡಿ' ಅನ್ನುತ್ತಾನೆ, ಕೊನೆಯಲ್ಲಿ 'ಬಿಡು' ಅನ್ನುತ್ತಾನೆ. ಆ ಮಾತು ಬರುವವರೆಗೆ ಹಿಡಿದವನು ಬೆರಳು ಎತ್ತುವ ಹಾಗಿಲ್ಲ, ಮೂಗಿನ ಮೇಲೆ ನೊಣ ಕೂತರೂ ಸರಿ. ಅಪ್ಪನ ಕಾಲದಿಂದಲೂ ಹಿಡಿಯುವವನು ಅಣ್ಣ, ತಿರುಚುವವನು ತಮ್ಮ.

ಜಗಳ ಹುಟ್ಟಿದ್ದೂ ಅಲ್ಲೇ. ಅಪ್ಪ ತೀರಿಕೊಂಡ ಮೇಲೆ ಒಬ್ಬ ಮೇಷ್ಟ್ರು ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಕಟ್ಟಿಸಿಕೊಂಡು, ಸೂಟ್‌ಕೇಸಿನಲ್ಲಿಟ್ಟು, ನಾದಿನಿಯ ಮದುವೆಗೆ ಹೋದರು. ದಾರಿಯಲ್ಲಿ ಬಳೆ ಜಾರಿ, ಬಿರಡೆ ಕಳಚಿ, ಎಣ್ಣೆಯೆಲ್ಲ ಬಟ್ಟೆಗೆ. ಮೇಷ್ಟ್ರು ವಾಪಸು ಬಂದವರೇ ಸೂಟ್‌ಕೇಸನ್ನು ಅಂಗಡಿಯ ನಡುವೆ ಬೋರಲು ಹಾಕಿದರು. ಹೆಂಡತಿಯ ರೇಷ್ಮೆ ಸೀರೆ ನೆಲಕ್ಕೆ ಬಿದ್ದಾಗ ಪಚಕ್ ಎಂದಿತು. ಅಪ್ಪನ ಅಂಗಡಿಯಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ.

"ನಾನು ಬಿಡು ಅನ್ನೋದಕ್ಕೆ ಮುಂಚೆನೇ ನೀನು ಬಿಟ್ಟಿದೀಯ" ಎಂದ ತಮ್ಮ.

"ಬಿಗಿ ಆಗೋಕೆ ಮುಂಚೆನೇ ನೀನು ಬಿಡು ಅಂದಿದೀಯ" ಎಂದ ಅಣ್ಣ.

ಯಾವುದು ನಿಜ ಎಂದು ಹೇಳಬಲ್ಲ ಮೂರನೆಯವರು ಇರಲಿಲ್ಲ. ಮಾತಿಗೆ ಮಾತು ಬೆಳೆಯಿತು. ಅಪ್ಪನ ಕುರ್ಚಿ ಯಾರದು, ಅಪ್ಪನಿಗೆ ಕಾಯಿಲೆಯಾದಾಗ ಯಾರು ಎಷ್ಟು ಓಡಾಡಿದರು, ಎಲ್ಲವೂ ಆ ಎಣ್ಣೆಯ ಜೊತೆ ಹೊರಗೆ ಹರಿಯಿತು. ಕೊನೆಗೆ ಪಾಲು ಮಾಡಲು ಸೋದರಮಾವ ಬಂದ. ಅವನಿಗೋ ಹಿಂತಿರುಗುವ ಬಸ್ಸಿನ ಚಿಂತೆ. "ಮೇಲಿನ ಹಲಗೆ ಮೇಲಿರೋದೆಲ್ಲ ದೊಡ್ಡೋನಿಗೆ. ಕೆಳಗಿನ ಡ್ರಾಯರಲ್ಲಿರೋದೆಲ್ಲ ಚಿಕ್ಕೋನಿಗೆ. ಆಯ್ತಲ್ಲ?" ಎಂದು ಕೈ ತೊಳೆದುಕೊಂಡು ಹೊರಟುಹೋದ. ಮೇಲಿನ ಹಲಗೆಗಳಲ್ಲಿದ್ದದ್ದು ಬರೀ ಬಾಟಲಿಗಳು, ಡ್ರಾಯರುಗಳಲ್ಲಿದ್ದದ್ದು ಬರೀ ಬಿರಡೆಗಳು. ನಡುವೆ ಪ್ಲೈವುಡ್ ಹಲಗೆ ಬಡಿದ ಮಾರನೆಯ ಬೆಳಿಗ್ಗೆಯೇ ಇದು ಎಂಥ ಹುಚ್ಚು ಪಾಲು ಎಂದು ಇಬ್ಬರಿಗೂ ಹೊಳೆಯಿತು. ಆದರೆ ಮೊದಲು ಬಾಯಿ ಬಿಟ್ಟವನು ಸೋತ ಹಾಗಲ್ಲವೇ? ಯಾರೂ ಬಿಡಲಿಲ್ಲ. ಇಂಥ ಹಠಮಾರಿಗಳನ್ನು ಹಡೆದ ತಾಯಿಗೆ ಅದೆಷ್ಟು ತಾಳ್ಮೆ ಇತ್ತೋ.

ತಮ್ಮ ಒಂದು ಉಪಾಯ ಮಾಡಿಕೊಂಡ. ಎರಡು ಮರದ ತುಂಡುಗಳ ನಡುವೆ ಬಾಟಲಿಯನ್ನಿಟ್ಟು, ಸ್ಕ್ರೂ ತಿರುಗಿಸಿ ಬಿಗಿಹಿಡಿಯುವ ಒಂದು ಸಾಧನ. ಹಳೆಯ ಕಂಬಳಿಯ ಚೂರನ್ನು ಒಳಗೆ ಅಂಟಿಸಿದ. ಈಗಿನ ದಪ್ಪ ಬಾಟಲಿಗಳಿಗೆ ಅದು ಧಾರಾಳವಾಗಿ ಸಾಕಾಗುತ್ತಿತ್ತು. ಆ ಮರಕ್ಕೆ ಹಿಡಿ, ಬಿಡು ಎಂದು ಹೇಳುವ ಅಗತ್ಯವಿರಲಿಲ್ಲ. ಆದರೂ ಅಭ್ಯಾಸಬಲದಿಂದ ಒಮ್ಮೊಮ್ಮೆ ಬಾಯಿಂದ ಬಂದುಬಿಡುತ್ತಿತ್ತು. ಬಂದಾಗ ಹಲಗೆಯ ಆಚೆ ಸದ್ದು ನಿಂತ ಹಾಗಾಗುತ್ತಿತ್ತು.

ಮಾತಿಲ್ಲದಿದ್ದರೇನು, ಅಣ್ಣನ ಸಮಾಚಾರವೆಲ್ಲ ತಮ್ಮನಿಗೆ ಬಾಟಲಿಗಳಿಂದಲೇ ತಿಳಿಯುತ್ತಿತ್ತು. ಗಿರಾಕಿ ತಂದ ಬಾಟಲಿ ಒಳಗೆ ಇನ್ನೂ ಒದ್ದೆಯಾಗಿದ್ದರೆ ಅಣ್ಣನಿಗೆ ಗಡಿಬಿಡಿ. ಎರಡೆರಡು ಹಾಳೆ ಪೇಪರ್ ಸುತ್ತಿದ್ದರೆ ಮನೆಗೆ ಮಗಳು ಬಂದಿದ್ದಾಳೆ. ಕುತ್ತಿಗೆಯ ಬಳಿ ಧೂಳು ಉಳಿದಿದ್ದರೆ ಮಂಡಿನೋವು ಜಾಸ್ತಿಯಾಗಿ ಮೇಲಿನ ಹಲಗೆಗೆ ಏಣಿ ಹಾಕಿಲ್ಲ. ಅಣ್ಣ ಪ್ರತಿ ಗಿರಾಕಿಗೂ "ಪಕ್ಕದಲ್ಲಿ ಕಟ್ಟಿಸ್ಕೊಂಡೇ ಹೋಗಿ, ಹಾಗೇ ತಗೊಂಡು ಹೋಗ್ಬೇಡಿ" ಎಂದು ಹೇಳುವುದು ಹಲಗೆಯ ಮೂಲಕ ಚೆನ್ನಾಗಿ ಕೇಳುತ್ತಿತ್ತು. ಅಣ್ಣ ಕೆಮ್ಮಿದರೆ ತಮ್ಮ ರೇಡಿಯೋ ಸದ್ದು ತಗ್ಗಿಸುತ್ತಿದ್ದ, ಯಾಕೆಂದು ಯಾರೂ ಕೇಳಿರಲಿಲ್ಲ.

ಹೆಂಗಸರಿಬ್ಬರಿಗೆ ಈ ಕಟ್ಟುಪಾಡು ಇರಲಿಲ್ಲ. ವಾರಗಿತ್ತಿಯರು ಹಿತ್ತಲ ಬಾಗಿಲಲ್ಲಿ ಕೂತು, ಇವರಿಬ್ಬರನ್ನೂ ಮನಸಾರೆ ಆಡಿಕೊಂಡು, ಚಹಾ ಕುಡಿದು ಏಳುತ್ತಿದ್ದರು. ಸುದ್ದಿ ತಂದವಳೂ ತಮ್ಮನ ಹೆಂಡತಿಯೇ. ಊಟಕ್ಕೆ ಕೂತಾಗ ಹೇಳಿದಳು.

"ರೀ, ಭಾವ ಅಂಗಡಿ ಬಿಟ್ಟುಕೊಡ್ತಿದಾರಂತೆ. ಮೊಬೈಲ್ ಕವರ್ ಮಾರೋನಿಗೆ."

"ಯಾರು ಹೇಳಿದ್ದು?"

"ಅಕ್ಕನೇ ಹೇಳಿದ್ರು. ಅವರ ತವರೂರಲ್ಲಿ ಅವರ ತಮ್ಮನ ಗೋಡೌನ್ ನೋಡ್ಕೊಳ್ಳೋಕೆ ಕರೀತಿದಾರಂತೆ, ಆ ಊರಲ್ಲೇ ಮನೇನೂ ನೋಡಿಟ್ಟಿದಾರಂತೆ. ಗುರುವಾರ ಬೀಗದಕೈ ಕೊಟ್ಟುಬಿಡ್ತಾರಂತೆ."

"ಹೋಗ್ಲಿ. ನನಗೇನು?"

"ನಿಮಗೇನೂ ಇಲ್ಲ, ಸರಿ. ತಟ್ಟೆ ಯಾಕೆ ಹಾಗೇ ಬಿಟ್ರಿ?"

ಅವನು ಕೈ ತೊಳೆಯಲು ಎದ್ದ. ಹೆಂಡತಿ ಅಷ್ಟಕ್ಕೇ ಬಿಡುವವಳಲ್ಲ. "ಹೋಗ್ಬೇಡ ಅಂತ ಒಂದು ಮಾತು ಹೇಳೋಕೆ ಏನು ಕಷ್ಟ ನಿಮಗೆ?"

"ಮೊದಲು ಅವನು ಮಾತಾಡ್ಲಿ."

"ಅವರೂ ಅಕ್ಕನ ಹತ್ರ ಇದನ್ನೇ ಅಂದ್ರಂತೆ. ಒಂದೇ ಅಚ್ಚಲ್ಲಿ ಹೊಯ್ದ ಹಾಗಿದೀರಿ ಇಬ್ಬರೂ."

ಬಾಟಲಿಯ ಚಿಂತೆ ತಮ್ಮನಿಗೆ ಇರಲಿಲ್ಲ, ಬಾಟಲಿ ಎಲ್ಲಿಂದ ಬೇಕಾದರೂ ತರಿಸಬಹುದು. ಅವನಿಗೆ ಹೆದರಿಕೆಯಾದದ್ದು ಹಲಗೆಯ ಆಚೆಯದನ್ನು ನೆನೆದು. ಅಲ್ಲಿ ಗುರುವಾರದಿಂದ ಬೇರೆ ಯಾರೋ ಕೆಮ್ಮುತ್ತಾನೆ. ಅಣ್ಣನ ಮಂಡಿ ಹೇಗಿದೆ ಎಂದು ಹೇಳಲು ಒಂದು ಬಾಟಲಿಯೂ ಬರುವುದಿಲ್ಲ. ಜಗಳವಾಡಿಕೊಂಡಾದರೂ ಪಕ್ಕದಲ್ಲಿದ್ದವನು ಇಲ್ಲದೆ ಹೋಗುತ್ತಾನೆ. ಇದನ್ನು ಹೆಂಡತಿಗೂ ಹೇಳಲಿಲ್ಲ.

ಗುರುವಾರ ಬಂತು. ಬೆಳಿಗ್ಗೆಯಿಂದ ಹಲಗೆಯ ಆಚೆ ಪೇಪರ್ ಸುತ್ತುವ ಸದ್ದು, ಪೆಟ್ಟಿಗೆ ಎಳೆಯುವ ಸದ್ದು. ತಮ್ಮ ಒಂದೇ ಬೂಚನ್ನು ಅರದಿಂದ ತೀಡುತ್ತ ತೀಡುತ್ತ ಬಟಾಣಿಯಷ್ಟು ಮಾಡಿಬಿಟ್ಟಿದ್ದ. ಅಷ್ಟರಲ್ಲಿ ನರ್ಸಮ್ಮ ಬಂದರು. ಆಸ್ಪತ್ರೆಯಲ್ಲಿ ಬಹಳ ವರ್ಷದಿಂದ ಇರುವವರು, ಬೀದಿಯ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡವರು. ಚೀಲದಿಂದ ಒಂದು ತೆಳು ಗಾಜಿನ ನೀರಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಬಿರಡೆ ಬೇರೆಯಾಗಿ ಕರವಸ್ತ್ರದಲ್ಲಿತ್ತು.

"ನಿಮ್ಮಪ್ಪ ಮಾಡಿಕೊಟ್ಟಿದ್ದು ಕಣಪ್ಪಾ. ಇಷ್ಟು ವರ್ಷ ಒಂದು ದಿನವೂ ಕಳಚಿರಲಿಲ್ಲ. ನಿನ್ನೆ ತಂತಿ ತುಂಡಾಯ್ತು. ಸಂಜೆ ಡ್ಯೂಟಿಗೆ ಬೇಕು."

ತಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಕುತ್ತಿಗೆಯ ಸುತ್ತ ಹಳೆಯ ಬಳೆಯ ಹಸಿರು ಗುರುತು ಇತ್ತು. ಮರದ ತುಂಡುಗಳ ನಡುವೆ ಇಟ್ಟು ಸ್ಕ್ರೂ ಒಂದಿಷ್ಟು ತಿರುಗಿಸಿದ. ಗಾಜು ಕಿರ್ ಎಂದಿತು. ತಟ್ಟನೆ ಸಡಿಲ ಮಾಡಿದ.

"ಇದು ನನ್ನ ಕೈಲಿ ಆಗಲ್ಲ ನರ್ಸಮ್ಮ. ಮರಕ್ಕೆ ಕೊಟ್ಟರೆ ಒಡೆದುಹೋಗುತ್ತೆ. ಯಾರಾದ್ರೂ ಹಿಡ್ಕೋಬೇಕು."

"ಆವತ್ತು ನಿಮ್ಮಣ್ಣ ಹಿಡ್ಕೊಂಡಿದ್ದ. ಎಲ್ಲಿ ಅವನು?"

ತಮ್ಮ ಇಕ್ಕಳದಿಂದ ಹಲಗೆಯ ಕಡೆ ತೋರಿಸಿದ. ನರ್ಸಮ್ಮ ಹಲಗೆಯನ್ನು ನೋಡಿದರು, ಇವನ ಮುಖ ನೋಡಿದರು. "ನಾನೇ ಹಿಡ್ಕೊಳ್ಳಲಾ?" ಎಂದು ಕೇಳಿದರು.

"ನಿಮ್ಮ ಕೈ ಆಗಲ್ಲ."

ಅದು ಅರ್ಧ ನಿಜ, ಅರ್ಧ ನೆಪ. ಎಷ್ಟೋ ಜನರ ಪ್ರಾಣ ಹಿಡಿದು ನಿಲ್ಲಿಸಿದ ಕೈಗೆ ಬಾಟಲಿ ಹಿಡಿಯುವುದು ಒಂದು ದೊಡ್ಡ ಕೆಲಸವೇ? ಆದರೆ ಅವನು ಆಗಲೇ ಎದ್ದಿದ್ದ. ಒಂದು ಕೈಯಲ್ಲಿ ಬಾಟಲಿ, ಒಂದು ಕೈಯಲ್ಲಿ ಇಕ್ಕಳ, ತಂತಿಯ ಸುರುಳಿ ಮುಂಗೈಗೆ. ತನ್ನ ಮೆಟ್ಟಿಲು ಇಳಿದು, ಪಕ್ಕದ ಮೆಟ್ಟಿಲು ಹತ್ತಿದ. ಬೀದಿಯಲ್ಲಿದ್ದ ಹೂವಿನವಳು ಹೂ ಕಟ್ಟುವುದನ್ನು ನಿಲ್ಲಿಸಿ ನೋಡಿದಳು.

ಒಳಗೆ ಮೇಲಿನ ಹಲಗೆಗಳು ಬೋಳಾಗಿದ್ದವು. ಅಪ್ಪನ ಕುರ್ಚಿಗೆ ಹಗ್ಗ ಸುತ್ತಿ ಬಾಗಿಲ ಬಳಿ ಇಟ್ಟಿತ್ತು. ಅಣ್ಣ ನೆಲದ ಮೇಲೆ ಕಾಲು ಚಾಚಿ ಕೂತು ಕೊನೆಯ ಜಾಡಿಗಳಿಗೆ ಪೇಪರ್ ಸುತ್ತುತ್ತಿದ್ದ. ತಲೆ ಎತ್ತಿದ. ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಕಿವಿಯ ಮೇಲಿನ ಕೂದಲು ಪೂರ್ತಿ ನೆರೆತದ್ದು ತಮ್ಮನಿಗೆ ತಿಳಿದೇ ಇರಲಿಲ್ಲ. ಬಾಟಲಿಗಳು ಅದನ್ನು ಹೇಳಿರಲಿಲ್ಲ.

ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸಿರಲಿಲ್ಲ. ಬಾಟಲಿಯನ್ನು ಮುಂದೆ ಚಾಚಿ, "ಹಿಡಿ" ಎಂದ.

ಅಣ್ಣ ಮೊದಲು ನೋಡಿದ್ದು ಬಾಟಲಿಯನ್ನು. ಹಸಿರು ಗುರುತಿನ ಮೇಲೆ ಬೆರಳಾಡಿಸಿದ. "ಅಪ್ಪಂದು" ಎಂದ, ಯಾರಿಗೋ ಎಂಬಂತೆ. ಅಂಗೈಗಳನ್ನು ತೊಡೆಗೆ ಒರೆಸಿಕೊಂಡು ಬಾಟಲಿ ತೆಗೆದುಕೊಂಡ. ತಮ್ಮ ಎದುರಿಗೆ ಕೂತು ತಂತಿಯ ಮೊದಲ ಸುತ್ತು ಹಾಕುವಷ್ಟರಲ್ಲಿ ಹೆಬ್ಬೆರಳುಗಳು ಎಲ್ಲಿ ಬರಬೇಕೋ ಅಲ್ಲಿಗೆ ಬಂದು ಕೂತಿದ್ದವು. ತಮ್ಮ ಸರಪಳಿ ಪೋಣಿಸಿ, ಇಕ್ಕಳ ಹಾಕಿ ತಿರುಚತೊಡಗಿದ. ನರ್ಸಮ್ಮ ಬಂದು ಬಾಗಿಲಲ್ಲಿ ನಿಂತರು.

"ಆವತ್ತು ನೀನು ಮೊದಲೇ ಬಿಡು ಅಂದೆ" ಎಂದ ಅಣ್ಣ, ಬೆರಳು ಅಲುಗಿಸದೆ.

"ನೀನು ಮೊದಲೇ ಬಿಟ್ಟೆ."

"ನಾನು ಬಿಡೋನಲ್ಲ ಕಣೋ. ಅಪ್ಪ ಇದ್ದಾಗ ಒಂದು ಸಲನಾದ್ರೂ ಬಿಟ್ಟಿದೀನಾ?"

"ಅಪ್ಪ ಇದ್ದಾಗ ನಾನೂ ತಪ್ಪು ಹೇಳಿಲ್ಲ."

"ಮತ್ತೆ ಎಣ್ಣೆ ತಾನಾಗೇ ಚೆಲ್ತಾ?"

ಅದೇ ಜಗಳ, ಅದೇ ಮಾತು. ಆದರೆ ಎದ್ದು ಹೋಗಲು ಈಗ ಇಬ್ಬರಿಗೂ ಆಗುವಂತಿರಲಿಲ್ಲ. ಒಬ್ಬನ ಕೈ ಬಾಟಲಿಯ ಮೇಲೆ, ಇನ್ನೊಬ್ಬನ ಕೈ ತಂತಿಯ ಮೇಲೆ. ತಂತಿ ಗಾಜಿಗೆ ಕಚ್ಚಿತು, ಇಕ್ಕಳಕ್ಕೆ ಆ ಪರಿಚಯದ ಬಿಗಿ ಸಿಕ್ಕಿತು. ಇನ್ನು ಒಂದೇ ಒಂದು ಮಾತು ಹೇಳುವುದು ಬಾಕಿ. ತಮ್ಮ ಹೇಳಲಿಲ್ಲ. ಇಕ್ಕಳವನ್ನು ಹಾಗೇ ಹಿಡಿದುಕೊಂಡು ಕೂತ.

"ಹೋಗ್ಬೇಡ ಅಣ್ಣ" ಎಂದ. ಅವನಿಗೆ ನಾಚಿಕೆಯಾಯಿತು, ಆದರೂ ಇನ್ನೊಮ್ಮೆ ಹೇಳಿದ. "ಹೋಗ್ಬೇಡ."

ಅಣ್ಣ ಉತ್ತರ ಕೊಡುವ ಮೊದಲೇ ಮೊಬೈಲ್ ಕವರಿನವನು ಮೆಟ್ಟಿಲ ಮೇಲೆ ಬಂದು ನಿಂತ. ಹೆಗಲ ಮೇಲೆ ಅಳತೆಯ ಟೇಪು, ಹಿಂದೆ ಬೋರ್ಡು ಹೊತ್ತ ಆಟೋ. ನರ್ಸಮ್ಮನ ಪಕ್ಕದಿಂದ ತಲೆ ತೂರಿಸಿ, "ಸರ್, ಬೀಗದಕೈ ಇಸ್ಕೊಂಡು ಹೋಗೋಣ ಅಂತ ಬಂದೆ" ಎಂದ.

ಬೀಗದಕೈ ಅಣ್ಣನ ಅಂಗಿಯ ಜೇಬಿನಲ್ಲಿತ್ತು. ಜೇಬಿನ ಬಟ್ಟೆಯ ಮೇಲೆ ಅದರ ಆಕಾರ ಕಾಣುತ್ತಿತ್ತು.

"ಕಾಣಿಸ್ತಿಲ್ವೇನಪ್ಪಾ?" ಎಂದ ಅಣ್ಣ. "ಕೈ ಖಾಲಿ ಇಲ್ಲ."

"ಕಾಯ್ತೀನಿ ಸರ್."

"ಕಾಯ್ಬೇಡ. ಈಗಲ್ಲ."

"ಹಾಗಾದ್ರೆ ನಾಳೆ ಬರಲಾ?"

ಅಣ್ಣ ತಮ್ಮನ ಮುಖ ನೋಡಿದ. "ನಾಳೆನೂ ಖಾಲಿ ಇರಲ್ಲ" ಎಂದ.

ಕವರಿನವನು ಗೊಣಗುತ್ತ ಆಟೋ ತಿರುಗಿಸಿದ. ನರ್ಸಮ್ಮ ಕೈಗಡಿಯಾರ ನೋಡಿಕೊಂಡು, ಒಂದು ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಇಕ್ಕಳ ನಿಂತು, ಬಳೆ ಬಿಗಿಯಾಗಿ ಆಗಲೇ ಬಹಳ ಹೊತ್ತಾಗಿತ್ತು. ಅದು ಅಣ್ಣನಿಗೂ ಗೊತ್ತಿತ್ತು.